ಪಟ್ಟಿಯಲ್ಲಿಲ್ಲದ ಡಾಕ್ಟರು

ಜೂನ್ 10, ಸೋಮವಾರ

ಸಾರು ಕುದಿಯಲು ಬಿಟ್ಟು ಇನ್ಶೂರೆನ್ಸ್‌ನವರಿಗೆ ಮತ್ತೆ ಫೋನ್. ಒಂದು ಒತ್ತಿ, ಎರಡು ಒತ್ತಿ... ಕೊನೆಗೆ ಒಬ್ಬಳು ಸಿಕ್ಕಳು. ಮನಸ್ಸಿನ ಕಾಯಿಲೆಗೂ ಕೊಡುತ್ತಾರಂತೆ, ಅಡ್ಮಿಟ್ ಆಗದಿದ್ದರೂ. ಆದರೆ ಅವರ ಪಟ್ಟಿಯಲ್ಲಿರುವ ಕ್ಲಿನಿಕ್ಕಿಗೇ ಹೋಗಬೇಕು. ನಮ್ಮ ಜಿಲ್ಲೆಗೆಲ್ಲ ಒಂದೇ ಇದೆ. ಚಿಕ್ಕಬಳ್ಳಾಪುರದಲ್ಲಿ.

ಇವರು ಹಿಂದೆ ನಿಂತು ಕೇಳಿಸಿಕೊಂಡಿದ್ದಾರೆ. "ಯಾರ್ಗೆ ಶೋಭಾ ಕಾಯ್ಲೆ?"

"ನಿಮಗೆ ನಿದ್ದೆ ಬರ್ತಿಲ್ವಲ್ರೀ."

ಹಿತ್ತಲಿಗೆ ಹೋದರು.

ಸಂಕ್ರಾಂತಿ ಆದಮೇಲೆ ಅಲೀಪುರದ ಕಡೆ ರಸ್ತೆಯಲ್ಲಿ ಆದದ್ದು. ನಮ್ಮ ಗಾರ್ಮೆಂಟ್ಸ್ ಬಸ್ಸು, ಇವರೇ ಡ್ರೈವರ್. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ಮುದುಕಿ ಅಡ್ಡ ಬಂದಳು. ಉಳಿಯಲಿಲ್ಲ. ತಪ್ಪು ಇವರದಲ್ಲ ಎಂದು ಪೊಲೀಸರೇ ಬರೆದರು. ಆಮೇಲಿನಿಂದ ರಸ್ತೆಯಲ್ಲಿ ಸಣ್ಣ ಗುಂಡಿ ಸಿಕ್ಕರೂ ಬಸ್ ನಿಲ್ಲಿಸಿ, ಇಳಿದು, ಚಕ್ರದ ಕೆಳಗೆ ಬಗ್ಗಿ ನೋಡುತ್ತಿದ್ದರು. ಬಸ್ಸಿನ ತುಂಬ ಹುಡುಗಿಯರು ಕಾಯುತ್ತ ಕೂತಿರುತ್ತಿದ್ದರು. ಈಗ ಬೆನ್ನುನೋವು ಎಂದು ಹೇಳಿ ರಜೆ ಹಾಕಿಸಿದ್ದೇನೆ.

ಜೂನ್ 14, ಶುಕ್ರವಾರ

ಊಟದ ಹೊತ್ತಲ್ಲಿ ಎಚ್‌ಆರ್‌ನ ತನುಜಳನ್ನು ಹಿಡಿದೆ. ಡ್ರೈವರುಗಳು ಕಂಟ್ರಾಕ್ಟ್ ಲೆಕ್ಕ, ಅವರಿಗೆ ಇನ್ಶೂರೆನ್ಸ್ ಇಲ್ಲ. ಸ್ಟೋರ್ಸ್‌ನಲ್ಲಿ ನಾನು ಪರ್ಮನೆಂಟು. ನನ್ನ ಪಾಲಿಸಿಯಲ್ಲೇ ಇವರ ಹೆಸರಿದೆ.

"ಆಗುತ್ತೆ ಶೋಭಕ್ಕ. ಆದ್ರೆ ಕ್ಲೈಮ್ ಆದ್ರೆ ಆಫೀಸ್‌ಗೆ ಮೇಲ್ ಬರುತ್ತೆ, ಕಾಯಿಲೆ ಹೆಸರು ಸಮೇತ. ನಾನು ಯಾರಿಗೂ ಹೇಳಲ್ಲ. ಮೇಲ್ ನಂಗೊಬ್ಳಿಗೇ ಬರಲ್ವಲ್ಲ..."

ಮಧ್ಯಾಹ್ನವೆಲ್ಲ ಅದೇ ಯೋಚನೆ. ಸ್ಟಾಕ್ ಎರಡು ಸಲ ತಪ್ಪು ಬರೆದೆ.

ಜೂನ್ 15

ಚಿಕ್ಕಬಳ್ಳಾಪುರಕ್ಕೆ ಹೋಗಿಬಂದೆವು. ಎಸಿ, ಮೀನಿನ ತೊಟ್ಟಿ, ಕಾರ್ಡ್ ತೋರಿಸಿದ ಕೂಡಲೇ ನಗು. ಡಾಕ್ಟರು ತಲೆ ಎತ್ತಿ ಒಮ್ಮೆ ನೋಡಿದರು. ಮಾತ್ರೆ ಬರೆದರು. "ಸದ್ಯಕ್ಕೆ ಡ್ರೈವಿಂಗ್ ಬೇಡ." ಪಕ್ಕದ ರೂಮಿನಲ್ಲಿ ಕೌನ್ಸೆಲಿಂಗ್, ಟಿವಿಯಲ್ಲಿ. ಎಲ್ಲೋ ಕೂತ ಹುಡುಗಿ. ಒಳ್ಳೆಯವಳೇ. ಕಲಿತ ಕನ್ನಡ, ಅದು ಮುಗಿದ ಕಡೆ ಇಂಗ್ಲಿಷು.

"ಗಿಲ್ಟ್ ಫೀಲಿಂಗ್ ಇದೆಯಾ ಸರ್?"

"ಇಲ್ಲ ಮೇಡಂ. ಚೆನ್ನಾಗಿದ್ದೀನಿ."

ಜೂನ್ 30

ನಿದ್ದೆಯೇನೋ ಬರುತ್ತಿದೆ. ಬಂಡೆಯ ಹಾಗೆ ಬೀಳುತ್ತಾರೆ. ಎದ್ದ ಮೇಲೂ ಪೂರ್ತಿ ಎದ್ದಿರುವುದಿಲ್ಲ. ಅತ್ತೆ ಅಮ್ಮಾಜಮ್ಮ ತಟ್ಟೆ ಕುಕ್ಕಿದರು: "ನನ್ ಮಗನ್ನ ಮರದ್ ಬೊಂಬೆ ಮಾಡ್ಬಿಟ್ರಿ ಕಣಮ್ಮ." ನನಗೂ ಹಾಗೇ ಅನಿಸುತ್ತಿದೆ. ಅವರ ಮುಂದೆ ಹೇಳಲಿಲ್ಲ.

ಜುಲೈ 13, ಶನಿವಾರ

ಚಿಂತಾಮಣಿಗೆ ಹೋಗಿದ್ದೆವು. ಪ್ಯಾಕಿಂಗ್‌ನ ಹುಡುಗಿಯೊಬ್ಬಳು ಹೇಳಿದ ಡಾಕ್ಟರು, ಸಂಘಮಿತ್ರ ಅಂತ. ಅಂಗಡಿ ಮಹಡಿಯ ಮೇಲೆ ಎರಡು ಕೋಣೆ. ಪಟ್ಟಿಯಲ್ಲಿ ಇಲ್ಲ. ದುಡ್ಡು ನಮ್ಮದೇ.

ಇವರ ಮನೆಮಾತು ತೆಲುಗು. ಡಾಕ್ಟರಿಗೆ ಹೆಸರು ಕೇಳುತ್ತಲೇ ಗೊತ್ತಾಯಿತೋ ಏನೋ. "ಪೊದ್ದುನ ಏಂ ತಿಂಟಿವಿ ಮುರಳಿ?" ಎಂದರು. ಬೆಳಿಗ್ಗೆ ಏನು ತಿಂದೆ ಅಂತ, ಅಕ್ಕ ಕೇಳುವ ಹಾಗೆ.

ಮುದ್ದೆ ಎಂದರು ಇವರು. ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಇವರೇ ಶುರು ಮಾಡಿದರು.

ಮುದುಕಿ ಆಗಲೇ ಸತ್ತಿರಲಿಲ್ಲವಂತೆ. ಇವರು ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. "ಪುರ್ಗುಲು ಆಕಲಿಗ ಉಂಟಾಯಿ ನಾಯನಾ" ಎಂದಳಂತೆ. ರೇಷ್ಮೆಹುಳುಗಳು ಹಸಿದಿರುತ್ತವಪ್ಪ ಅಂತ. ಸೊಪ್ಪು ಮನೆಗೆ ಮುಟ್ಟಿಸು ಎಂದು ಕೈ ಸನ್ನೆ. ಇವರು ಆಗಲಿ ಎಂದರು. ಆಮೇಲೆ ಆಂಬುಲೆನ್ಸು, ಪೊಲೀಸು, ಜನ. ಸೊಪ್ಪನ್ನು ದಾರಿಹೋಕರ ಮೇಕೆಗಳು ಮೇಯುತ್ತಿದ್ದವು. ಇವರು ನೋಡುತ್ತ ನಿಂತಿದ್ದರು.

"ಆಗಲಿ ಅಂದಿದ್ದೆ" ಎಂದು ಅತ್ತರು. ಇಷ್ಟು ತಿಂಗಳು ನನ್ನ ಹತ್ತಿರವೂ ಹೇಳಿರಲಿಲ್ಲ.

ಬರುವಾಗ ಶಿಡ್ಲಘಟ್ಟ ದಾಟಿದ ಮೇಲೆ ತಾವಾಗೇ ಕೇಳಿದರು, "ಮತ್ತೆ ಯಾವಾಗ್ ಬರ್ಬೇಕಂತೆ?"

ಜುಲೈ 22, ಸೋಮವಾರ

ಚಿಕ್ಕಬಳ್ಳಾಪುರದ ಕ್ಲೈಮ್ ಪಾಸಾಗಿದೆ. ಮೇಲ್ ಬಂದಿದೆ. ಟ್ರಾನ್ಸ್‌ಪೋರ್ಟ್‌ನ ರಮೇಶ್‌ಬಾಬು ಕರೆಸಿದರು. "ಮೆಂಟಲ್ ಕೇಸ್ ಅಂತೆ. ಬೆನ್ನುನೋವು ಅಂದಿದ್ಯಲ್ಲಮ್ಮ? ಐವತ್ತು ಜನ ಹೆಣ್ಮಕ್ಳು ಕೂರೋ ಬಸ್ಸು. ಹೆಂಗ್ ಕೊಡ್ಲಿ, ನೀನೇ ಹೇಳು." ಬಸ್ ಬೇರೆಯವರಿಗೆ ಹೋಯಿತು.

ಚಿಂತಾಮಣಿಯ ರಸೀದಿಯೂ ವಾಪಸ್. ಪಟ್ಟಿಯಲ್ಲಿಲ್ಲದ ಡಾಕ್ಟರು.

ಎಷ್ಟು ಹೇಳಿದರೂ ಇವರು ಚಿಂತಾಮಣಿಗೆ ಬರಲು ಒಪ್ಪುತ್ತಿಲ್ಲ. "ಕೆಲ್ಸಾನೂ ಹೋಯ್ತು. ನಿನ್ ಸಂಬಳದಲ್ಲಿ ನಾನ್ ಹೋಗಿ ಅತ್ಕೊಂಡ್ ಬರ್ಬೇಕಾ?"

ಜುಲೈ 27

ಚಿಕ್ಕಬಳ್ಳಾಪುರಕ್ಕೇ ಹೋದೆವು. ಕಾರ್ಡ್ ನಡೆಯುತ್ತದಲ್ಲ. ಟಿವಿಯ ಹುಡುಗಿಗೆ "ಚೆನ್ನಾಗಿದ್ದೀನಿ" ಎಂದರು. ತಿಂಗಳ ಮಾತ್ರೆ ಕೊಟ್ಟರು.

ಆಗಸ್ಟ್ 6

ಬದುಕಿದ್ದಾರೆ.

ಆಗಸ್ಟ್ 7, ಆಸ್ಪತ್ರೆ

ಅತ್ತೆ ನೋಡಿದ್ದರಿಂದ ಉಳಿದರು. ಮಾತ್ರೆ ಡಬ್ಬಿ ಖಾಲಿ ಇತ್ತಂತೆ. ನಾನು ಡ್ಯೂಟಿಯಲ್ಲಿದ್ದೆ. ಅಪಾಯ ದಾಟಿದೆ ಎಂದಿದ್ದಾರೆ.

ಇನ್ಶೂರೆನ್ಸ್ ಕೌಂಟರಿನವನು ಮೆತ್ತಗೆ ಕೇಳಿದ, "ಮೇಡಂ, ಏನಂತ ಬರೆಸ್ತೀರ? ತಪ್ಪಿ ತಗೊಂಡಿದ್ದು ಅಂದ್ರೆ ಕ್ಯಾಶ್‌ಲೆಸ್ ಆಗುತ್ತೆ. ಬೇಕಂತ ಅಂದ್ರೆ ನಿಮ್ಮ ಪಾಲಿಸೀಲಿ ಬರಲ್ಲ."

ಅತ್ತೆ ನನ್ನ ಸೆರಗು ಹಿಡಿದರು. "ತಪ್ಪಿ ತಗೊಂಡ ಅನ್ನಮ್ಮ. ನಾಳೆ ಅವ್ನಿಗೆ ಯಾರ್ ಕೆಲ್ಸ ಕೊಡ್ತಾರೆ? ಊರಲ್ಲಿ ಹೆಂಗ್ ತಲೆ ಎತ್ತೋದು?"

ಹೊರಗೆ ಬಂದು ಚಿಂತಾಮಣಿಗೆ ಫೋನ್ ಮಾಡಿದೆ. ಸಂಘಮಿತ್ರ ಮೇಡಂ ಪೂರ್ತಿ ಕೇಳಿದರು. "ದುಡ್ಡಿನ ವಿಷ್ಯ ನಾನು ಹೇಳಕ್ಕಾಗಲ್ಲಮ್ಮ. ಆದ್ರೆ ತಪ್ಪಿ ಅಂತ ಬರೆಸಿದ್ರೆ ನಾಳೆ ಗ್ಲೂಕೋಸ್ ಬಿಚ್ಚಿ ಮನೆಗೆ ಕಳಿಸ್ತಾರೆ. ಯಾಕೆ ಅಂತ ಯಾರೂ ಅವರನ್ನ ಕೇಳಲ್ಲ."

ಒಳಗೆ ಹೋದೆ. ಡ್ಯೂಟಿ ಡಾಕ್ಟರು ಮಂಚದ ಪಕ್ಕದಲ್ಲೇ ಇದ್ದರು. ಹೇಳಿದೆ. "ಬೇಕಂತಲೇ ತಗೊಂಡಿದ್ದು ಸರ್. ಸಾಯಕ್ಕೆ."

ಇವರಿಗೆ ಎಚ್ಚರವಿತ್ತು. ಮುಖ ಗೋಡೆಯ ಕಡೆ ತಿರುಗಿಸಿದರು. ಅತ್ತೆ ಎದ್ದು ಹೊರಗೆ ಹೋದರು.

ಆಗಸ್ಟ್ 24, ಶನಿವಾರ. ಚಿಂತಾಮಣಿ

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಆಸ್ಪತ್ರೆ ಬಿಲ್ಲಿಗೆ ನನ್ನ ತಮ್ಮನನ್ನು ಕೇಳಬೇಕಾಯಿತು. ಅತ್ತೆ ನನ್ನ ಕೈಯಿಂದ ನೀರೂ ಮುಟ್ಟುತ್ತಿಲ್ಲ. ಮಾತ್ರೆ ಈಗ ನನ್ನ ಬ್ಯಾಗಿನಲ್ಲೇ ಇರುತ್ತವೆ, ದಿನದ್ದು ದಿನಕ್ಕೆ ಕೊಡುತ್ತೇನೆ. ಕೈ ಚಾಚುತ್ತಾರೆ, ನುಂಗುತ್ತಾರೆ, ನನ್ನನ್ನು ನೋಡುವುದಿಲ್ಲ. ಹದಿನೈದು ದಿನವಾಯಿತು ಹೀಗೆ. ಇವತ್ತು ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಮೇಡಂ ಕರೆದಾಗ ನಾನೂ ಎದ್ದೆ.

"ನೀನ್ ಇಲ್ಲೇ ಇರು. ನಿನ್ ಮುಂದೆ ಹೇಳಕ್ಕಾಗಲ್ಲ."

ಬಾಗಿಲು ಹಾಕಿಕೊಂಡರು. ಮೊದಲು ಏನೂ ಕೇಳಿಸಲಿಲ್ಲ. ಈಗ ಇವರ ದನಿ, ತೆಲುಗು, ಜೋರಾಗಿ. ಸಿಟ್ಟಿದೆ. ನನ್ನ ಹೆಸರು ಬಂತು. ಯಾಕೆ ಹೇಳಿದಳು, ಎನ್ನುತ್ತಿದ್ದಾರೆ. ಇಷ್ಟು ತಿಂಗಳಲ್ಲಿ ಇಷ್ಟು ಜೋರಾದ ದನಿ ಕೇಳಿರಲಿಲ್ಲ. ಎದ್ದು ಬಾಗಿಲ ಹತ್ತಿರ ಹೋದರೆ ಎಲ್ಲ ಕೇಳಿಸುತ್ತದೆ. ಹೋಗುವುದಿಲ್ಲ. ಬೈಯಲಿ. ಮತ್ತೆ ನನ್ನ ಹೆಸರು — ಈ ಸಲ ಮೆಲ್ಲಗೆ. ಅದರ ಮುಂದಿನ ಮಾತು ಇಲ್ಲಿಗೆ ಕೇಳಿಸುತ್ತಿಲ್ಲ.