ರೂಲುದೊಣ್ಣೆಯಿಂದ ಒಂಬತ್ತು ಯೋಯೋ

ಅಣ್ಣಾ,

ನಿನ್ನ ಪತ್ರ ಬಂತು. ಫೋನಿನಲ್ಲಿ ಹೇಳಿದರೆ ಮರೆತೇನು ಎಂದು ಕಾಗದದಲ್ಲೇ ಬರೆದಿದ್ದೀಯ, ಮುಖ್ಯವಾದ ಮಾತಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಮುಂದಿನ ತಿಂಗಳ ಮೊದಲ ಭಾನುವಾರ ಅಪ್ಪ ಪಾಠ ಹೇಳಿದ ಶಾಲೆಯಲ್ಲಿ ಅವನ ಹೆಸರಿನ ಕೋಣೆ ತೆರೆಯುತ್ತಾರೆ. ಗಾಜಿನ ಕಪಾಟು ಸಿದ್ಧವಾಗಿದೆ. ಅಪ್ಪನ ಕನ್ನಡಕ, ಪೆನ್ನು, ಹಾಜರಿ ಪುಸ್ತಕ ಆಗಲೇ ಅದರೊಳಗೆ ಕೂತಿವೆ. ನಡುವಿನ ಜಾಗವನ್ನು ರೂಲುದೊಣ್ಣೆಗೆಂದು ಬಿಟ್ಟಿದ್ದಾರೆ. ನಾನು ಅದನ್ನು ಒರೆಸಿ, ಎಣ್ಣೆ ಹಚ್ಚಿ, ವಾರದೊಳಗೆ ಕಳಿಸಬೇಕು.

ಕಳಿಸಲಾರೆ. ಅದು ಈಗ ಇಲ್ಲ. ಅದನ್ನು ಕೊಯ್ದು ಯೋಯೋ ಮಾಡಿದ್ದೇನೆ. ಒಂಬತ್ತು ಆದವು. ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಂಡಿದ್ದರೆ ಕಾಗದವನ್ನು ಇಲ್ಲೇ ಮಡಚಿಟ್ಟುಬಿಡು. ಆದರೆ ನೀನು ಮಡಚುವವನಲ್ಲ. ಕೈಗೆ ಬಂದ ಕಾಗದವನ್ನು ಕೊನೆಯವರೆಗೆ ಓದದಿದ್ದರೆ ನಿನಗೆ ಚಿಕ್ಕಂದಿನಿಂದಲೂ ಉಂಡದ್ದು ಜೀರ್ಣವಾಗುವುದಿಲ್ಲ.

ನೀನು ಈಗ ಹಣೆ ಹಣೆ ಚಚ್ಚಿಕೊಳ್ಳುತ್ತಿರುತ್ತೀಯ. ಎರಡು ವರ್ಷದ ಹಿಂದೆ ಬಂದಾಗ ನನ್ನ ಲೇತಿನ ಮುಂದೆ ನಿಂತು ಹೇಳಿದೆಯಲ್ಲ, "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಒಂದು ವರ್ಷ ತಡವಾಗಿ ಬಂದಿದೆ, ಅಷ್ಟೇ." ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ರಾಂಶುಪಾಲನಾಗಿ ನಿವೃತ್ತನಾದವನು ನೀನು, ನಿನ್ನ ತಮ್ಮ ಬೀದಿಯಲ್ಲಿ ನಿಂತು ಯೋಯೋ ಆಡಿಸಿದರೆ ನಿನಗೆ ಮುಜುಗರವಾಗುವುದು ಸಹಜ. ನನಗೆ ಆಗುವುದಿಲ್ಲ. ನಲವತ್ತು ವರ್ಷ ಪಂಪಿನ ಕಾರ್ಖಾನೆಯಲ್ಲಿ ಒಂದೇ ಅಳತೆಯ ಲೋಹದ ಬುಷ್ ಬಳೆ ಕಡೆದಿದ್ದೇನೆ, ಅಣ್ಣಾ. ಕೂದಲೆಳೆ ಹೆಚ್ಚಾದರೆ ಕಸದ ಡಬ್ಬಿಗೆ, ಕಡಿಮೆಯಾದರೂ ಕಸದ ಡಬ್ಬಿಗೆ. ಈಗ ನನ್ನದೇ ಲೇತು, ನನ್ನದೇ ಅಳತೆ, ನನಗೆ ಬೇಕಾದ ಆಕಾರ. ಯಾರಪ್ಪನ ಗಂಟು ಹೋಯಿತು?

ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗ ಇತ್ತಲ್ಲ, ಅಲ್ಲೇ ಲೇತು ಹಾಕಿಸಿದ್ದೇನೆ. ನನ್ನ ಹೆಂಡತಿ ಮೊದಮೊದಲು ಮರದ ಪುಡಿಗೆ ಸಿಡುಕುತ್ತಿದ್ದಳು. ಈಗ ಊಟಕ್ಕೆ ಕರೆಯುವಾಗ ಅದು ಮಲಗಿತಾ ಎಂದು ಕೇಳಿಯೇ ಕರೆಯುತ್ತಾಳೆ. ಯೋಯೋ ದಾರದ ತುದಿಗೆ ಇಳಿದು, ಮೇಲೆ ಬರದೆ ಅಲ್ಲೇ ನಿಂತು ಗಿರ್ರನೆ ಸುತ್ತುತ್ತಿರುವುದಕ್ಕೆ ನಾವು ಮಲಗುವುದು ಎನ್ನುತ್ತೇವೆ. ನೋಡುವವರಿಗೆ ಅದೊಂದು ಆಟ. ಆದರೆ ಎರಡು ಹೋಳುಗಳ ತೂಕ ಸಮವಿಲ್ಲದಿದ್ದರೆ, ಎರಡನ್ನೂ ಕೂಡಿಸುವ ಅಚ್ಚಿನ ತೂತು ನಡುವಿನಿಂದ ಎಳ್ಳಷ್ಟು ಸರಿದಿದ್ದರೆ, ಅದು ಮಲಗುವುದಿಲ್ಲ, ಕುಡಿದವನ ಹಾಗೆ ತೂರಾಡುತ್ತದೆ. ಅದಕ್ಕೆ ನಾನು ಮೊದಲು ತೂತು ಕೊರೆಯುತ್ತೇನೆ, ಆಮೇಲೆ ಆ ತೂತನ್ನೇ ಹಿಡಿದು ಹೋಳನ್ನು ಕಡೆಯುತ್ತೇನೆ. ಎರಡನ್ನೂ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು, ಭಾರವಾದ ಹೋಳಿನ ಒಳಬದಿಯನ್ನು ಉಪ್ಪುಕಾಗದದಿಂದ ಉಜ್ಜುತ್ತೇನೆ, ತೂಗುತ್ತೇನೆ, ಮತ್ತೆ ಉಜ್ಜುತ್ತೇನೆ. ಒಂದು ಯೋಯೋ ಮುಗಿಯಲು ನಾಲ್ಕು ದಿನ ಹಿಡಿಯುತ್ತದೆ. ಹಿಡಿಯಲಿ.

ಅಂದಹಾಗೆ, ವೃತ್ತದ ಮಧ್ಯಬಿಂದುವನ್ನು ಮೂಲೆಮಟ್ಟದಿಂದ ಕಂಡುಹಿಡಿಯುವುದನ್ನು ನನಗೆ ಕಲಿಸಿದವನು ಅಪ್ಪನೇ. ಅವನ ಹಾಗೆ ರೇಖಾಗಣಿತ ಹೇಳಿಕೊಡುವವರನ್ನು ನಾನು ಇನ್ನೂ ಕಂಡಿಲ್ಲ. ಇದನ್ನು ಯಾವ ಸಭೆಯಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಅಪ್ಪ ಹೋದ ಮೇಲೆ ಸಾಮಾನು ಹಂಚಿಕೊಂಡ ದಿನ ನೀನು ಪುಸ್ತಕಗಳನ್ನೂ ಗಡಿಯಾರವನ್ನೂ ಆರಾಮಕುರ್ಚಿಯನ್ನೂ ತೆಗೆದುಕೊಂಡೆ. ನಾನು ರೂಲುದೊಣ್ಣೆ ಒಂದು ಸಾಕು ಎಂದೆ. ನಿನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ನೀನು ಹೋದಲ್ಲೆಲ್ಲ ಅದನ್ನೇ ಹೇಳಿದೆ: ಅತಿ ಹೆಚ್ಚು ಏಟು ತಿಂದ ಮಗನೇ ಅಪ್ಪನ ಕೋಲನ್ನು ಕೇಳಿ ಪಡೆದ, ಇದಕ್ಕಿಂತ ಪಿತೃಭಕ್ತಿ ಉಂಟೇ ಎಂದು.  ಕೋಲನ್ನು ನಾನು ಯಾಕೆ ಕೇಳಿದೆ ಎಂದು ನನಗೇ ತಿಳಿದಿರಲಿಲ್ಲ. ಅದು ಇನ್ನೊಬ್ಬರ ಕೈ ಸೇರಬಾರದು ಎನಿಸಿತ್ತೋ ಏನೋ.

ಆರು ವರ್ಷ ಅದು ನನ್ನ ಉಳಿಗಳ ಜೊತೆ ಡ್ರಾಯರಿನಲ್ಲಿ ಬಿದ್ದಿತ್ತು. ಹಳೇ ಸೇಡು ತೀರಿಸಿಕೊಳ್ಳಲು ಕೊಯ್ದೆ ಎಂದು ನೀನು ಅತ್ತಿಗೆಯ ಹತ್ತಿರ ಹೇಳುತ್ತೀಯ, ಗೊತ್ತು. ನಿಜ ಸಂಗತಿ ಬಹಳ ಸಪ್ಪೆ. ನನ್ನ ಹತ್ತಿರ ಗಟ್ಟಿ ಮರ ಮುಗಿದಿತ್ತು. ಹಗುರವಾದ ಮರದಲ್ಲಿ ಅಚ್ಚಿನ ತೂತು ಬೇಗ ಸಡಿಲವಾಗುತ್ತದೆ. ಅದಕ್ಕೆ ಪ್ರತಿ ಹೋಳಿನ ನಡುವೆ ಗಟ್ಟಿ ಕರಿಮರದ ಒಂದು ಬಿಲ್ಲೆ ಕೂರಿಸಿ, ತೂತನ್ನು ಅದರಲ್ಲಿ ಕೊರೆಯುತ್ತೇನೆ. ಮರದಂಗಡಿಯವನು ಮುಂದಿನ ವಾರ ಬನ್ನಿ ಎಂದ. ಡ್ರಾಯರ್ ಎಳೆದೆ. ಒಂದೂವರೆ ಅಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪದ, ಅಪ್ಪಟ ಕರಿಮರ ಕಣ್ಣೆದುರಿಗೇ ಇತ್ತು. ಗೆರೆ ಎಳೆಯಲು ಮಾಡಿದ ಕೋಲು ಅದು. ನಮ್ಮ ಕಾಲದಲ್ಲಿ ಅದರಿಂದ ಗೆರೆ ಎಳೆದದ್ದನ್ನು ನಾನಂತೂ ನೋಡಿಲ್ಲ.

ಕೊಯ್ಯುವ ಮೊದಲು ನಮ್ಮ ಲೇತು ಟರ್ನರುಗಳ ಅಭ್ಯಾಸದಂತೆ ಕೋಲಿನ ನಟ್ಟನಡುವೆ ಬೆರಳು ಕೊಟ್ಟು ಎತ್ತಿದೆ. ಅದು ಒಂದು ಕಡೆಗೆ ವಾಲಿತು. ಮರದ ಗುಣ, ಆ ಕಡೆ ತಿರುಳು ಹೆಚ್ಚಿರಬೇಕು ಎಂದುಕೊಂಡೆ. ಇಷ್ಟು ವರ್ಷ ಕೆಲಸ ಮಾಡಿದವನು ಅಲ್ಲೇ ನಿಲ್ಲಿಸಿ ನೋಡಬೇಕಿತ್ತು, ನೋಡಲಿಲ್ಲ. ಹಿಡಿಯುವ ಕಡೆಯಿಂದ ಕೊಯ್ಯುತ್ತಾ ಬಂದೆ. ಹದಿನೆಂಟು ಬಿಲ್ಲೆ ಚೆನ್ನಾಗಿ ಬಂದವು. ಹತ್ತೊಂಬತ್ತನೆಯದಕ್ಕೆ ಗರಗಸದ ಸದ್ದು ಮಂದವಾಯಿತು. ಬಿಲ್ಲೆ ಬಿದ್ದಾಗ ನೋಡಿದರೆ ಕರಿಮರದ ನಡುವೆ ಬೂದು ಬಣ್ಣದ ಒಂದು ದುಂಡು ಚುಕ್ಕೆ ಮಿರಮಿರ ಮಿನುಗುತ್ತಿತ್ತು.

ಸೀಸ, ಅಣ್ಣಾ. ಕೋಲಿನ ತುದಿಯಲ್ಲಿ ಬೆರಳುದ್ದ ತೂತು ಕೊರೆದು ಸೀಸ ಎರೆದಿದ್ದರು. ತೂಗಿದೆ: ಎಪ್ಪತ್ತೆಂಟು ಗ್ರಾಂ.

ಕಾಗದದ ಮೇಲೆ ಉರುಳದಿರಲಿ ಎಂದು ಹಾಕಿಸಿರುತ್ತಾನೆ ಎಂದು ನೀನು ತಕ್ಷಣ ಹೇಳುತ್ತೀಯ. ನಾನೂ ಅಪ್ಪನ ಪರವಾಗಿ ಇಡೀ ಮಧ್ಯಾಹ್ನ ಹಾಗೇ ವಾದ ಮಾಡಿ ನೋಡಿದೆ. ಉರುಳದಿರಲು ಭಾರ ಹಾಕುವವರು ನಡುವೆ ಹಾಕುತ್ತಾರೆ, ಇಲ್ಲವೇ ಎರಡೂ ತುದಿಗೆ ಹಾಕುತ್ತಾರೆ. ಇದು ಒಂದೇ ತುದಿಯಲ್ಲಿತ್ತು. ಅಪ್ಪನ ಅಂಗೈ ತಾಗಿ ತಾಗಿ ಪಾಲಿಶ್ ಸವೆದಿದ್ದದ್ದು ಇನ್ನೊಂದು ತುದಿಯಲ್ಲಿ. ಭಾರ ಇದ್ದದ್ದು ಬೀಳುವ ಕಡೆಗೆ, ಹಿಡಿಯುವ ಕಡೆಗಲ್ಲ. ಸುತ್ತಿಗೆ ಮಾಡುವವನು ಕೂಡ ಇದೇ ಲೆಕ್ಕ ಹಾಕುತ್ತಾನೆ.

ಇನ್ನೊಂದು ಮಾತು ಉಂಟು. ಅದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಸೀಸ ಕದಲದ ಹಾಗೆ ತೂತಿನ ಒಳಗೋಡೆಯಲ್ಲಿ ಒಂದು ಸುತ್ತು ಕಾಲುವೆ ತೆಗೆದಿದ್ದರು. ಬಾಯಿಗೆ ಅದೇ ಮರದ ಬಿರಡೆ ಹಾಕಿ, ಎಳೆಗೆ ಎಳೆ ಕೂಡಿಸಿ, ಕರಿ ಅರಗು ತೀಡಿದ್ದರು. ಅರವತ್ತು ವರ್ಷ ಯಾರ ಕಣ್ಣಿಗೂ ಬೀಳದ ಕೆಲಸ. ನಮ್ಮೂರಿನಲ್ಲಿ ಹಾಗೆ ಬಿರಡೆ ಹಾಕುತ್ತಿದ್ದವರು ಒಬ್ಬರೇ. ಅದನ್ನು ನನಗೂ ಕಲಿಸಿದವರು. ನನ್ನ ಲೇತು ಮೇಸ್ತ್ರಿ.

ಅವರ ಹತ್ತಿರ ನಾನು ಹೋಗಿ ಸೇರಿದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಬೆರಳಿನ ಕಟ್ಟು ಬಿಚ್ಚಿದ ಮೇಲೆ. ನಿನಗೆ ನೆನಪಿದೆ. ಲೆಕ್ಕದ ಉತ್ತರ ಸರಿ ಬರೆದಿದ್ದೆ, ನಡುವಿನ ಹಂತಗಳನ್ನು ಬರೆದಿರಲಿಲ್ಲ. ಅಪ್ಪ ತರಗತಿಯ ಮುಂದೆ ಕೈ ಮಗುಚಿ ಹಿಡಿಯಲು ಹೇಳಿದ. ಸ್ವಂತ ಮಗನೆಂದು ಎರಡು ಏಟು ಹೆಚ್ಚು. ಊರೆಲ್ಲ ಅದನ್ನು ನ್ಯಾಯ ಎಂದು ಹೊಗಳುತ್ತಿತ್ತು. ನಡುಬೆರಳಿನ ಗೆಣ್ಣು ಮುರಿಯಿತು. ಕಟ್ಟು ಬಿಚ್ಚಿದಾಗ ಬೆರಳು ಸೆಟೆದು ಕಡ್ಡಿಯ ಹಾಗೆ ನಿಂತಿತ್ತು. ಇನ್ನು ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಬೀದಿಯ ಕೊನೆಯ ಲೇತಿನ ಅಂಗಡಿಗೆ ಹೋದೆ. ಮೇಸ್ತ್ರಿ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಬೆರಳು ನೋಡಿ, ಯಾವುದರಲ್ಲಿ ಹೊಡೆದರು ಎಂದು ಕೇಳಿದರು. ಹೇಳಿದೆ. ಅವರು ಲೇತು ಆರಿಸಿದರು. ಆಮೇಲೆ ಒಂದು ಮರದ ತುಂಡು ಹುಡುಕಿ, ಅವತ್ತಿನ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಒಂದು ಯೋಯೋ ಕಡೆದರು. ದಾರದ ಕುಣಿಕೆಯನ್ನು ಅದೇ ಬೆರಳಿಗೆ ತೊಡಿಸಿದರು.

"ದಿನಾ ನೂರು ಸಲ ಆಡಿಸು. ನೋಯತ್ತೆ. ನೋಯಲಿ, ಬಿಡಬೇಡ."

ಬಿಡಲಿಲ್ಲ. ಅತ್ತುಕೊಂಡು ಆಡಿಸಿದೆ. ಆರು ತಿಂಗಳಿಗೆ ಬೆರಳು ಅರ್ಧ ಬಗ್ಗಿತು. ಉಳಿ ಹಿಡಿಯಲು ಅಷ್ಟು ಸಾಕಾಯಿತು, ಅದರಲ್ಲೇ ನನ್ನ ಹೆಂಡತಿ ಮಕ್ಕಳು ಉಂಡರು. ನೀನು ಅರಳು ಮರಳು ಎಂದೆಯಲ್ಲ, ಆ ಹುಚ್ಚು ಶುರುವಾದದ್ದು ಹೀಗೆ. ಅಪ್ಪ ಏನು ಹೇಳಿ ಅವರಿಂದ ಸೀಸ ಹಾಕಿಸಿಕೊಂಡನೋ ತಿಳಿಯದು, ಮೇಜಿನಿಂದ ಉರುಳುತ್ತದೆ ಎಂದೇ ಹೇಳಿರಬಹುದು. ತಮ್ಮ ಕೈಕೆಲಸ ಏನು ಮಾಡಿತು ಎಂದು ಮೇಸ್ತ್ರಿಗೆ ನನ್ನ ಬೆರಳು ನೋಡಿದ ಮೇಲೆ ಗೊತ್ತಾಯಿತು. ಸಾಯುವವರೆಗೂ ಅವರು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ಸಿಟ್ಟಿದೆ. ಆದರೆ ಅವರು ಮಾಡಿದ್ದನ್ನು ಸರಿಪಡಿಸಲು ಕೈಲಾದದ್ದು ಮಾಡಿದರು. ಅಪ್ಪ ಮಾರನೆಯ ದಿನವೂ ಅದೇ ಕೋಲು ಹಿಡಿದು ತರಗತಿಗೆ ಹೋದ. ನನ್ನ ನಂತರವೂ ಹದಿನೇಳು ವರ್ಷ ಹೋದ. ಆ ಹದಿನೇಳು ವರ್ಷದ ಮಕ್ಕಳ ಕೈಗಳನ್ನು ಯಾರು ನೋಡಿದ್ದಾರೆ?

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತೀಯ. ಸರಿ, ಬದುಕಿರುವವರ ಬಗ್ಗೆ ಮಾತಾಡೋಣ. ಪ್ರತಿ ಭಾನುವಾರ ಆ ಕೋಲಿಗೆ ಎಣ್ಣೆ ಹಚ್ಚುತ್ತಿದ್ದವನು ನೀನು. ಅಪ್ಪ ಕೇಳಿದಾಗ ಓಡಿ ತಂದುಕೊಡುತ್ತಿದ್ದವನು ನೀನು. ಒಂದು ತುದಿ ಭಾರ ಎಂದು ನಿನ್ನ ಕೈಗೆ ಗೊತ್ತಾಗಲಿಲ್ಲವೇ? ಡಾಕ್ಟರು ಬೆರಳು ಹಿಡಿದು ಏನಾಯಿತು ಎಂದು ಕೇಳಿದಾಗ ಅಪ್ಪ ಹೊರಗೆ ನಿಂತಿದ್ದ, ಒಳಗೆ ನನ್ನ ಜೊತೆ ಇದ್ದವನು ನೀನು. "ಮೆಟ್ಟಿಲಿಂದ ಬಿದ್ದ" ಎಂದೆ. ನಿನಗೂ ಹದಿನೇಳೇ ವಯಸ್ಸು, ನಿನಗೂ ಹೆದರಿಕೆ. ಅದನ್ನು ನಾನು ಎಂದೋ ಮನ್ನಿಸಿದ್ದೇನೆ, ಈಗ ಬರವಣಿಗೆಯಲ್ಲೂ ಮನ್ನಿಸುತ್ತಿದ್ದೇನೆ. ಆದರೆ ಈಗ ನಿನಗೆ ಅರವತ್ತಾರು. ಇನ್ನು ಯಾರಿಗೆ ಹೆದರುತ್ತೀಯ?

ಈ ಕಾಗದದ ಜೊತೆಗಿರುವ ಪೆಟ್ಟಿಗೆಯಲ್ಲಿ ಎರಡು ವಸ್ತು ಇಟ್ಟಿದ್ದೇನೆ. ಯೋಯೋ ನಿನಗೆ. ಒಂಬತ್ತರಲ್ಲಿ ಚೆನ್ನಾಗಿ ಮಲಗುವುದು ಅದೇ, ನಾನು ಸೆಕೆಂಡು ಎಣಿಸಿ ನೋಡಿಯೇ ಆರಿಸಿದ್ದು. ಕುಣಿಕೆ ಸಡಿಲವಾದರೆ ತಿಳಿಸು, ಸರಿಮಾಡಿ ಕೊಡುತ್ತೇನೆ. ಹಳೇ ಬಟ್ಟೆಯಲ್ಲಿ ಸುತ್ತಿರುವುದು ಸೀಸ. ಕಪಾಟಿನ ನಡುವಿನ ಜಾಗಕ್ಕೆ ಅದು. ಅದರ ಕೆಳಗಿಡುವ ಚೀಟಿಯನ್ನು ನೀನೇ ಬರೆ, ನಿನ್ನ ಅಕ್ಷರ ಮುದ್ದಾಗಿದೆ. ಎಲ್ಲಿ ಸಿಕ್ಕಿತು, ತೂಕ ಎಷ್ಟು, ಅಷ್ಟು ಬರೆದರೆ ಸಾಕು, ಒಂದು ಮಾತು ಹೆಚ್ಚು ಬೇಡ. ದಂಡಂ ದಶಗುಣಂ ಎಂದು ಭಾಷಣ ಮಾಡಬೇಕೆಂದಿದ್ದರೆ ಅದನ್ನೂ ಮಾಡು, ಚೀಟಿ ಓದಿ ಮುಗಿಸಿದ ಮೇಲೆ.

ನಾನು ಭಾನುವಾರ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಕೂರುವುದಿಲ್ಲ. ಕೋಲು ಎಲ್ಲಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಬೇಕಾದವನು ನೀನು. ನಾನು ನಿನ್ನ ಪಕ್ಕದಲ್ಲೇ ಕೈ ಚಾಚಿ ನಿಂತಿರುತ್ತೇನೆ, ಬೆರಳು ಎಲ್ಲರಿಗೂ ಕಾಣುವ ಹಾಗೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಆರೋಗ್ಯ ಚೆನ್ನಾಗಿರಲಿ, ಆವತ್ತು ನಿನ್ನ ಗಂಟಲು ಕಟ್ಟದಿರಲಿ.

ಇಂತಿ,
ಮೆಟ್ಟಿಲಿಂದ ಬೀಳದ ನಿನ್ನ ತಮ್ಮ