ಸರಾಸರಿ ಗಾಳಿ ಯಾರನ್ನೂ ಬೀಳಿಸುವುದಿಲ್ಲ

ಮಾನ್ಯ ನಗರ ಯೋಜನಾ ಮುಖ್ಯಸ್ಥರೇ,

ತಾವು ಕಟ್ಟಿಸಿದ ಕಚೇರಿ ಗೋಪುರದ ಮೂಲೆಯಲ್ಲಿ ಗಾಳಿ ನನ್ನ ಅತ್ತೆಯನ್ನು ಎತ್ತಿ ಕೆಡವಿತು. ಸೊಂಟದ ಮೂಳೆ ಮುರಿಯಿತು. ಮರುದಿನ ತಮ್ಮ ಕಚೇರಿ ಪತ್ರಿಕೆಗಳಿಗೆ ಕೊಟ್ಟ ವಿವರಣೆ ಹೀಗಿತ್ತು: “ಸದರಿ ಮೂಲೆಯಲ್ಲಿ ಸರಾಸರಿ ಗಾಳಿಯ ವೇಗ ಹಿತಕರ ಮಟ್ಟದಲ್ಲಿದ್ದು, ವೃದ್ಧೆಯು ಆಯ ತಪ್ಪಿ ಬಿದ್ದಿರುವ ಸಾಧ್ಯತೆ ಇದೆ.” ಓದಿ ನನಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ಈಗ ಅದೇ ಬೀದಿಯ ಎದುರು ಬದಿಯಲ್ಲಿ ಎರಡನೇ ಗೋಪುರಕ್ಕೆ ಒಪ್ಪಿಗೆ ಕೊಡಲು ಹೊರಟಿದ್ದೀರಿ. ಅದನ್ನು ಮೊದಲೇ ಪರೀಕ್ಷಿಸಿ ನೋಡಬಹುದಾದ, ಊರಿಗೆ ಇರುವ ಒಂದೇ ಗಾಳಿ ಸುರಂಗವನ್ನು ಮುಚ್ಚಲು ಆದೇಶವನ್ನೂ ಹೊರಡಿಸಿದ್ದೀರಿ. ತಮಗೊಬ್ಬರಿಗೇ ಬರೆದರೆ ತಾವು ಓದುವುದಿಲ್ಲವೆಂದು ಗೊತ್ತಾಗಿರುವುದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಆ ಸುರಂಗದಲ್ಲಿ ಪ್ರಯೋಗ ಮಾಡುವವಳು. ಸುರಂಗ ಎಂದರೆ ಬಗ್ಗಿ ಓಡಾಡಬಹುದಾದ ಒಂದು ಉದ್ದನೆಯ ಮರದ ಪೆಟ್ಟಿಗೆ, ಕೊನೆಯಲ್ಲಿ ದೊಡ್ಡ ಫ್ಯಾನು, ನೆಲದ ಮೇಲೆ ಊರಿನ ಪುಟ್ಟ ಮಾದರಿ. ಮಾದರಿಯ ಮುಂದೆ ಸಾಲಾಗಿ ಮರದ ತುಂಡುಗಳನ್ನು ಜೋಡಿಸುತ್ತೇವೆ. ನಿಜವಾದ ಗಾಳಿ ಮನೆ, ಮರ, ಕಾಂಪೌಂಡುಗಳಿಗೆ ಬಡಿದು ಸುಳಿಸುಳಿಯಾಗಿ ಬರುತ್ತದಲ್ಲ, ಹಾಗೆಯೇ ಇಲ್ಲಿಯೂ ಬರಲಿ ಎಂದು. ಆಮೇಲೆ ಮಾದರಿಯ ಬೀದಿಗಳ ಮೇಲೆ ತೆಳ್ಳಗೆ ರವೆ ಉದುರಿಸಿ ಫ್ಯಾನು ಹಾಕುತ್ತೇವೆ. ಎಲ್ಲಿ ಮೊದಲು ರವೆ ಹಾರಿ ನೆಲ ಕಾಣುತ್ತದೋ ಅಲ್ಲಿ ಜನ ನಿಲ್ಲಲಾರರು. ಹೌದು, ಅಡುಗೆಮನೆಯ ರವೆಯೇ. ನಮ್ಮ ಪ್ರಯೋಗಾಲಯದ ಆಡಳಿತ ಮಂಡಳಿಗೂ ತಾವೇ ಅಧ್ಯಕ್ಷರಾದ್ದರಿಂದ, ಒಮ್ಮೆ ಬಂದಾಗ ಆ ಡಬ್ಬಿಯನ್ನು ನೋಡಿ ತಾವು ಮನಸಾರೆ ನಕ್ಕದ್ದು ನೆನಪಿದೆ.

ಮೊದಲ ಗೋಪುರದ ಗಾಳಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿದವರು ನನ್ನ ಗಂಡ. ಮುಚ್ಚಿಡುವುದೇಕೆ? ಕಂಪ್ಯೂಟರ್ ಲೆಕ್ಕದ ಮೇಲೆ ನನಗೆ ಹಗೆಯೇನೂ ಇಲ್ಲ. ಅದರೊಂದಿಗೇ ಸಂಸಾರ ಮಾಡಿದ್ದೇನೆ. ಒಂದೊಂದು ಸುಳಿಯನ್ನೂ ಬೆನ್ನುಹತ್ತಿ ಹೋಗುವ ಲೆಕ್ಕ ಅವರಿಗೆ ಗೊತ್ತು. ಆದರೆ ಅದಕ್ಕೆ ವಾರಗಟ್ಟಲೆ ಬೇಕು, ತಮಗೆ ಅಡಿಗಲ್ಲಿನ ಅವಸರ. ಹಾಗಾಗಿ ಬೇಗ ಮುಗಿಯುವ ಲೆಕ್ಕ ಮಾಡಿಸಿದಿರಿ: ಗಾಳಿ ಬಟ್ಟಬಯಲಿನಿಂದ ನಯವಾಗಿ ಬರುತ್ತದೆ ಎಂದುಕೊಂಡು, ಬರೀ ಸರಾಸರಿಯನ್ನು ತೆಗೆಯುವ ಲೆಕ್ಕ. ಆ ಲೆಕ್ಕದಿಂದ ಬಂದ ಚಿತ್ರದಲ್ಲಿ ಬೀದಿಯೆಲ್ಲ ನೀಲಿ. ನೀಲಿ ಎಂದರೆ ಹಿತಕರ. ಸಭೆಯಲ್ಲಿ ನನ್ನ ಗಂಡ ಎದ್ದು ನಿಂತು, “ಸಾರ್, ಇದರಲ್ಲಿ ಬೀಸು ಗಾಳಿಯ ಹೊಡೆತ ಗೊತ್ತಾಗಲ್ಲ. ಒಂದ್ಸಲ ಸುರಂಗದಲ್ಲಿ ನೋಡಿಬಿಡೋಣ” ಎಂದರಂತೆ. ತಾವು ಅಂದದ್ದು: “ಎಲ್ಲಾ ನೀಲಿ ಇದೆಯಲ್ರೀ, ಇನ್ನೇನ್ರೀ ನೋಡೋದು? ಕೂತ್ಕೊಳ್ಳಿ.” ಅವರು ಕೂತರು. ಆ ಕೂತದ್ದಕ್ಕೆ ನಾನು ಮನೆಯಲ್ಲಿ ಅವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ, ಅದು ತಮಗೆ ಬೇಡ.

ಸರಾಸರಿ ಎಂದರೇನು ಮಾನ್ಯರೇ? ದಿನಕ್ಕೊಮ್ಮೆ ಯಾರಾದರೂ ತಮ್ಮ ಕೆನ್ನೆಗೆ ಬಾರಿಸಲಿ. ಆ ಏಟನ್ನು ಇಡೀ ದಿನಕ್ಕೆ ಹಂಚಿ ನೋಡಿದರೆ ಸವರಿದಷ್ಟೂ ಬರುವುದಿಲ್ಲ. ಆಗ ತಮ್ಮ ಕೆನ್ನೆ ಹಿತಕರ ಮಟ್ಟದಲ್ಲಿದೆ ಎಂದು ಬರೆದುಕೊಡಲೇ? ಎತ್ತರದ ಗೋಡೆಗೆ ಬಡಿದ ಗಾಳಿ ಕೆಳಕ್ಕೆ ಇಳಿಯುತ್ತದೆ, ಮೂಲೆಗೆ ನುಗ್ಗುತ್ತದೆ, ಒಂದು ಕ್ಷಣ ಸುಮ್ಮನಿದ್ದು ಮರುಕ್ಷಣ ಎಳೆದು ಒಗೆಯುತ್ತದೆ. ಪ್ರಕ್ಷುಬ್ಧ ಹರಿವು ಎಂದು ನಾವು ಜೀವಮಾನವಿಡೀ ತಲೆ ಕೆಡಿಸಿಕೊಳ್ಳುವುದು ಈ ಮರುಕ್ಷಣದ ಬಗ್ಗೆ. ತಮ್ಮ ಚಿತ್ರದಲ್ಲಿ ಇಲ್ಲದ್ದು ಅದೊಂದೇ.

ಆ ಮೂಲೆಯಲ್ಲಿ ಒಂದು ಚಿಕಿತ್ಸಾಲಯವಿದೆ. ಅತ್ತೆ ಕಣ್ಣಿನ ಔಷಧಿ ತರಲು ಹೋಗಿದ್ದರು. ಅವರು ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು, ಕಾಲು ಗಟ್ಟಿ, ನಾಲಿಗೆ ಇನ್ನೂ ಗಟ್ಟಿ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, “ಯಾರೋ ಹಿಂದಿನಿಂದ ತಳ್ಳಿದ್ರು ಕಣೆ. ತಿರುಗಿ ನೋಡಿದ್ರೆ ಯಾರೂ ಇಲ್ಲ” ಎಂದರು. ಮಗ ಬಂದಾಗ ಅವನ ನೀಲಿ ಚಿತ್ರವನ್ನು ತರಿಸಿಕೊಂಡು ನೋಡಿದರು.

“ಇದ್ರಲ್ಲಿ ನಾನು ಬಿದ್ದಿದ್ದು ಎಲ್ಲೋ?”

ನನ್ನ ಗಂಡ ಬೆರಳಿಟ್ಟು ತೋರಿಸಿದರು.

“ಇಲ್ಲಿ ನೀಲಿ ಬಳಿದಿದ್ದೀಯಲ್ಲೋ.”

“ಹೂಂ ಅಮ್ಮ.”

“ಬಣ್ಣ ತಪ್ಪಿದ್ರೆ ನಾನು ಮಕ್ಕಳ ಹತ್ರ ಇನ್ನೊಂದ್ಸಲ ಮಾಡಿಸ್ತಿದ್ದೆ” ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಗಂಡ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತರು. ತಾವು ಆ ದಿನ ಹೇಳಿಕೆ ತಿದ್ದುತ್ತಿದ್ದಿರಿ.

ಆಮೇಲೆ ನನ್ನ ಗಂಡ ರಜೆ ಹಾಕಿ ಸುರಂಗಕ್ಕೆ ಬಂದರು. ಇಬ್ಬರೂ ಸೇರಿ ಆ ಬೀದಿಯ ಮಾದರಿ ಮಾಡಿದೆವು, ಅವರೇ ಕೈಯಾರೆ ರವೆ ಉದುರಿಸಿದರು. ಫ್ಯಾನು ಹಾಕಿದ ಕೂಡಲೇ ಚಿಕಿತ್ಸಾಲಯದ ಬಾಗಿಲ ಮುಂದೆ ರವೆ ಹಾರಿ ಬರಿ ನೆಲ ಕಾಣಿಸಿತು. ಬೇರೆ ಬೀದಿಗಳಲ್ಲಿ ಒಂದು ಕಾಳೂ ಕದಲಿರಲಿಲ್ಲ. ಎರಡನೇ ಗೋಪುರವನ್ನೂ ಇಟ್ಟು ನೋಡಿದೆವು. ಆಗ ಬಾಗಿಲ ಮುಂದೆ ಮಾತ್ರವಲ್ಲ, ಬೀದಿಯುದ್ದಕ್ಕೂ ರವೆ ನಿಲ್ಲಲಿಲ್ಲ. ಬಂದು ನೋಡಿ ಎಂದು ತಮ್ಮನ್ನು ಕರೆದೆವು. ಉತ್ತರವಾಗಿ ಬಂದದ್ದು ಸುರಂಗ ಮುಚ್ಚುವ ಆದೇಶ: ಸುರಂಗ “ಕಾಲಬಾಹಿರ”ವಂತೆ, ಆ ಜಾಗದಲ್ಲಿ ದೊಡ್ಡ ದೊಡ್ಡ ಪರದೆಗಳ ಪ್ರದರ್ಶನ ಕೊಠಡಿ ಬರುತ್ತದಂತೆ. ಏನು ತೋರಿಸುತ್ತೀರಿ ಅಲ್ಲಿ, ಇನ್ನಷ್ಟು ನೀಲಿಯನ್ನೇ? ತಪ್ಪು ಮಾಡುವುದು ಎಲ್ಲರಿಗೂ ಆಗುತ್ತದೆ. ತಪ್ಪನ್ನು ತೋರಿಸಿದ ಯಂತ್ರವನ್ನೇ ಕಿತ್ತುಹಾಕಲು ಎಂಥ ಮನಸ್ಸು ಬೇಕು ಎಂದು ಯೋಚಿಸಿದರೆ ವಾಕರಿಕೆ ಬರುತ್ತದೆ.

ಅತ್ತೆಗೆ ನಡೆಯುವ ವ್ಯಾಯಾಮ ಮಾಡಿಸುವುದೂ ಆ ಚಿಕಿತ್ಸಾಲಯದಲ್ಲೇ. ತಪ್ಪಿಸಿದರೆ ಮತ್ತೆ ನಡೆಯುವ ಆಸೆ ಬಿಡಿ ಎಂದಿದ್ದಾರೆ ಅಲ್ಲಿನ ವೈದ್ಯೆ. ಮೂಲೆ ಬಂದ ಕೂಡಲೇ ಅತ್ತೆ ನಿಂತುಬಿಡುತ್ತಾರೆ. ಎಂದೂ ಯಾರಿಗೂ ಹೆದರದವರು ನನ್ನ ತೋಳಿಗೆ ಉಗುರು ನೆಡುವ ಹಾಗೆ ಹಿಡಿದು, “ಇವತ್ತು ಬೇಡ, ಮನೆಗೆ ಹೋಗೋಣ ಬಾರೇ” ಎನ್ನುತ್ತಾರೆ. ಎದುರಿಗೂ ಗೋಪುರ ಎದ್ದರೆ ಅವರನ್ನು ಆ ಬಾಗಿಲಿಗೆ ಕರೆದೊಯ್ಯುವ ಧೈರ್ಯ ನನಗೂ ಇರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಸುರಂಗ ಮುಚ್ಚುವ ಆದೇಶವನ್ನು ಹಿಂತೆಗೆದುಕೊಳ್ಳಿ. ಎರಡನೇ ಗೋಪುರವನ್ನು ಎಲ್ಲರ ಎದುರು ಅಲ್ಲಿ ಪರೀಕ್ಷಿಸಿ, ಆಮೇಲೆ ತೀರ್ಮಾನಿಸಿ. ಅದಾಗದು ಎನ್ನುವಿರಾದರೆ ಒಪ್ಪಿಗೆ ಪತ್ರಕ್ಕೆ ತಮ್ಮ ತಂಪು ಕೋಣೆಯಲ್ಲಿ ಸಹಿ ಹಾಕಬೇಡಿ. ಗಾಳಿಯಿರುವ ಒಂದು ಮಧ್ಯಾಹ್ನ ಆ ಬಾಗಿಲ ಮುಂದೆ ಬಂದು ನಿಂತು ಹಾಕಿ. ಜೊತೆಗೆ ತಮ್ಮ ತಾಯಿಯವರನ್ನೂ ಕರೆತನ್ನಿ, ಆದರೆ ಅವರ ಕೈ ಹಿಡಿದುಕೊಳ್ಳಬೇಡಿ.

ಇಂತಿ,
ತಮ್ಮ ನೀಲಿ ಬೀದಿಯನ್ನು ಗೋಡೆ ಹಿಡಿದು ದಾಟುವ
ಒಬ್ಬ ಅತ್ತೆಯ ಸೊಸೆ