ಕೂಡಿಟ್ಟ ದನಿ

ಮಾರ್ಚ್ 1, ಬೆಳಿಗ್ಗೆ 7:40

ಮಾನ್ಯ ಸಭಿಕರೇ, ಖಾಲಿ ಕುರ್ಚಿಗಳ ಘನ ಮಂಡಳಿಯೇ, ಈ ನೋಟ್‌ಬುಕ್ಕಿನ ಸಮಸ್ತ ಗೆರೆಗಳೇ — ಇಂದಿನ ಕಲಾಪಕ್ಕೆ ಸ್ವಾಗತ. ಮೊದಲನೆಯ ವಿಷಯ: ಹಾಲು ಉಕ್ಕಿತು. ಎರಡನೆಯದು: ಉಕ್ಕಿಸಿದವನನ್ನು ಯಾರೂ ಬೈಯಲಿಲ್ಲ.

ಮನೆಯಾಕೆಯ ಮೌನಕ್ಕೆ ಇಂದು ಆರನೆಯ ದಿನ. ಮಗಳ ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ಕಣ್ಣು ಎಲ್ಲಿತ್ತು?" ಬರೆದ ಬೈಗುಳಕ್ಕೆ ಖಾರ ಕಡಿಮೆ.

ಸಭೆಯ ಮಾಹಿತಿಗಾಗಿ: 19ಕ್ಕೆ ಇವಳಿಗೆ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯೂ ಹೋಗುತ್ತದೆ. ಆಮೇಲೆ ಉಸಿರು ಇರುತ್ತದೆ, ದನಿ ಇರುವುದಿಲ್ಲ. ನಾವು ಕಾಯುತ್ತಿರುವ ಹೊಸ ಆಪರೇಟಿಂಗ್ ಸಿಸ್ಟಂ 5ಕ್ಕೆ ಬಿಡುಗಡೆ. ಅದರೆದುರು ಕೂತು ಇನ್ನೂರು ವಾಕ್ಯ ಓದಿದರೆ ಸಾಕು, ಮುಂದೆ ಟೈಪ್ ಮಾಡಿದ್ದನ್ನೆಲ್ಲ ಕಂಪ್ಯೂಟರ್ ಅದೇ ದನಿಯಲ್ಲಿ ಹೇಳುತ್ತದೆ. ಕನ್ನಡದಲ್ಲೂ. ಆ ಇನ್ನೂರನ್ನು ಕನ್ನಡಕ್ಕೆ ತಂದವನು ನಾನೇ. "ನೀಲಿ ಕೊಡೆ ಬಾಗಿಲ ಹಿಂದೆ ಇದೆ." ಇಂಥವು.

ಹಾಗಂತ ಸಿಸ್ಟಂ ನನ್ನ ಕೈಯಲ್ಲಿಲ್ಲ. ನಮ್ಮದು ಗುತ್ತಿಗೆಯವರ ಗುತ್ತಿಗೆ ಕಚೇರಿ. ಪದಗಳ ಪಟ್ಟಿ ಬರುತ್ತದೆ, ಪಟ್ಟಿ ಹೋಗುತ್ತದೆ. ಊಟದ ಹೆಸರು ಬರೆಯುವವನಿಗೆ ಊಟವಿಲ್ಲ.

ಹೆಚ್ಚು ಮಾತಾಡಿದರೆ ದನಿ ಇನ್ನೂ ಒಡೆಯುತ್ತದೆ ಎಂದರು ಡಾಕ್ಟರ್. "ಹಾಗಾದ್ರೆ ಆ ಇನ್ನೂರಕ್ಕೆ ಕೂಡಿಡೋಣ" ಎಂದೆ ನಾನು. ಅಂದಿನಿಂದ ಮಾತಿಗೆ ಬೀಗ, ಸ್ಲೇಟಿಗೆ ಯೋಗ.

ಮಾರ್ಚ್ 4

ನಮ್ಮ ಮೇಲ್ವಿಚಾರಕಿ ಯಾವುದಕ್ಕೂ "ಸದ್ಯಕ್ಕೆ" ಅನ್ನುವುದರಿಂದ ಅವರ ಹೆಸರೇ ಸದ್ಯಕ್ಕಮ್ಮ. ಇಂದು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸದ್ಯಕ್ಕೆ ಒಂದು ವಾರ ಮುಂದಕ್ಕೆ ಹೋಗಿದೆ. 12ನೇ ತಾರೀಕು. ಪ್ರಕಟಣೆ ಕನ್ನಡ ಮಾಡಿ. ಆಮೇಲೆ ಜನರ ಕಾಮೆಂಟಿಗೆ ಉತ್ತರ ಹಾಕ್ತಾ ಇರಿ."

ಉತ್ತರ ಬರೆದೆ: ತಡವಾದರೂ ತಪ್ಪುವುದಿಲ್ಲ, ನಿಮ್ಮ ತಾಳ್ಮೆಯನ್ನು ಮರೆಯುವುದಿಲ್ಲ.

"ಪ್ರಾಸ ಬೇಕಿತ್ತಾ?"

"ಬೈಯೋರು ಸ್ವಲ್ಪ ಮೆತ್ತಗಾಗ್ತಾರೆ ಮೇಡಂ."

ಆಗಲಿಲ್ಲ. ಒಬ್ಬ: "ಜಾಗ ಮಾಡೋಕೆ ಮದುವೆ ಫೋಟೋ ಎಲ್ಲ ಅಳಿಸಿದ್ದೆ. ಈಗ ಹೆಂಡತಿ ನನ್ನನ್ನೇ ಅಳಿಸ್ತಾಳೆ." ಇನ್ನೊಬ್ಬ: "ನಮ್ಮ ತಾತ ಹತ್ತು ವರ್ಷದಿಂದ ಹೋಗ್ತೀನಿ ಹೋಗ್ತೀನಿ ಅಂತಿದ್ದಾರೆ. ಅವರೇ ವಾಸಿ, ತಾರೀಕು ಹೇಳಲ್ಲ." ಎಲ್ಲರಿಗೂ ಅದೇ ಉತ್ತರ ಅಂಟಿಸಿದೆ. ಈ ಅಂಟಿಸುವ ಕೆಲಸದ ಸುದ್ದಿ ಮನೆಯಲ್ಲಿ ಎತ್ತಿಲ್ಲ. ಅನುವಾದಕ ಅಂದರೆ ಒಂದಿಷ್ಟು ಮರ್ಯಾದೆ ಇದೆ.

ಇವಳಿಗೆ 12 ಎಂದೆ. ಸ್ಲೇಟು: "ಆದರೂ ಒಂದು ವಾರ ಸಿಗುತ್ತೆ."

ಮಾರ್ಚ್ 7

ಇವಳು ತುಟಿ ಮಾತ್ರ ಆಡಿಸಿ ವಾಕ್ಯಗಳ ಅಭ್ಯಾಸ ಮಾಡುತ್ತಾಳೆ. ಕನ್ನಡಿಯ ಮುಂದೆ. ನೀಲಿ ಕೊಡೆ, ಬಾಗಿಲ ಹಿಂದೆ.

ಬೆಳಿಗ್ಗೆ ಮಗಳು ಬಚ್ಚಲಲ್ಲಿ ಜಾರಿ ಬಿದ್ದಳು. ಇವಳು ಓಡಿಬಂದಳು, ಕೂಗಲು ಬಾಯಿ ತೆರೆದಳು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ತೆರೆದ ಬಾಯಿ ಮುಚ್ಚಿತು. ಮಗಳು ಅದನ್ನು ನೋಡಿದಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

"ಅಪ್ಪಾ, ಅಮ್ಮ ಒಂದೇ ಒಂದ್ಸಲ ನನ್ನ ಹೆಸರು ಕರೀಲಿ."

"12ನೇ ತಾರೀಕು ಕರೀತಾಳೆ ಪುಟ್ಟಿ."

"ಕಂಪ್ಯೂಟರಿಗೆ ಮೊದಲು, ನನಗೆ ಆಮೇಲಾ?"

ಸಭಿಕರಲ್ಲಿ ಯಾರ ಹತ್ತಿರವಾದರೂ ಉತ್ತರ ಇದ್ದರೆ ಕೈ ಎತ್ತಬಹುದು.

ಮಾರ್ಚ್ 10

ಸದ್ಯಕ್ಕಮ್ಮ ಒಳಗೆ ಕರೆದು ಬಾಗಿಲು ಹಾಕಿದರು. ವಿಶೇಷವೇನೂ ಇಲ್ಲ. ಕಲಾಪ ಮುಂದೂಡಲಾಗಿದೆ.

ಮಾರ್ಚ್ 12

ಬರಲಿಲ್ಲ. ಹೊಸ ಪ್ರಕಟಣೆಯಲ್ಲಿ ತಾರೀಕೇ ಇಲ್ಲ — "ಶೀಘ್ರದಲ್ಲೇ". ಅದನ್ನೂ ಕನ್ನಡ ಮಾಡಿದವನು ನಾನೇ.

ಸ್ಲೇಟು: "ಫೋನಿನಲ್ಲಾದರೂ ರೆಕಾರ್ಡ್ ಮಾಡೋಣವೇ?"

"ಬೇಡ ಕಣೇ. ಹೊರಗೆ ರೆಕಾರ್ಡ್ ಮಾಡಿದ್ದನ್ನ ಅದು ತಗೊಳ್ಳಲ್ಲ. ಇರೋ ದನಿ ಸುಮ್ಮನೆ ಖರ್ಚಾಗುತ್ತೆ. ಬಂದೇ ಬರುತ್ತೆ, ಇನ್ನೇನು ಎರಡು ದಿನ."

ಮೊಣಕೈಯಿಂದ ಸ್ಲೇಟು ಒರೆಸಿದಳು.

ಮಾರ್ಚ್ 16, ಮಧ್ಯಾಹ್ನ 3

ಕಾಮೆಂಟು ನಂಬರ್ 341. ಬರೆದವರ ಹೆಸರು: ಸ್ಲೇಟು-ಬಳಪ.

"19ಕ್ಕೆ ನನಗೆ ಗಂಟಲಿನ ಆಪರೇಷನ್. ಅಷ್ಟರೊಳಗೆ ಇದು ಬರುತ್ತಾ ಇಲ್ವಾ? ಮನೆಯವರನ್ನ ಕೇಳಿದರೆ ಬಂದೇ ಬರುತ್ತೆ ಅಂತಾರೆ. ಅವರ ಮುಖ ನೋಡಿದರೆ ಮತ್ತೆ ಕೇಳೋಕೆ ಮನಸ್ಸು ಬರಲ್ಲ. ನೀವು ಹೊರಗಿನವರು, ನೀವಾದರೂ ನಿಜ ಹೇಳಿ. ಬರಲ್ಲ ಅಂದ್ರೆ ಬೇಜಾರಿಲ್ಲ. ನನಗೆ ಮಾತಾಡೋದು ತುಂಬ ಇದೆ."

ಇಪ್ಪತ್ತು ನಿಮಿಷ ಕೂತೆ. ಬೆನ್ನ ಹಿಂದೆ ದನಿ: "ಸದ್ಯಕ್ಕೆ ಯಾವುದನ್ನೂ ಪೆಂಡಿಂಗ್ ಇಡಬೇಡಿ."

ಅಂಟಿಸಿದೆ.

ಮಾರ್ಚ್ 18, ಸಂಜೆ 5

ಆಸ್ಪತ್ರೆ. ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ. ಡಾಕ್ಟರ್ ನೋಡಿಕೊಂಡು ಹೋದ ಮೇಲೆ ಇವಳು ಸ್ಲೇಟನ್ನು ದಿಂಬಿನಡಿ ಸೇರಿಸಿದಳು. ಬಾಯಿ ತೆರೆದಳು. ಇಪ್ಪತ್ತಮೂರನೆಯ ದಿನ. ಮೊದಲು ಬರೀ ಗಾಳಿ. ಆಮೇಲೆ ತುಕ್ಕು ಹಿಡಿದ ಬೋಲ್ಟು ತಿರುಗಿದ ಹಾಗೆ —

"ತಪ್ಪುವುದಿಲ್ಲ... ಮರೆಯುವುದಿಲ್ಲ... ಇಂಥಾ ದರಿದ್ರ ಪ್ರಾಸ ಇನ್ಯಾರು ಕಟ್ತಾರ್ರೀ?"

ನಕ್ಕಳು. ನಗು ಕೆಮ್ಮಾಯಿತು. ನೀರು ಕೊಟ್ಟೆ.

"ಬರಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಇವತ್ತು ಬೆಳಿಗ್ಗೆ."

ನನ್ನ ಮುಖವನ್ನೇ ನೋಡಿದಳು. "ಹೋಗ್ಲಿ ಬಿಡಿ" ಎಂದಳು. ಮಗಳನ್ನು ಹತ್ತಿರ ಎಳೆದುಕೊಂಡು ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ಮೂರನೆಯ ಸಲಕ್ಕೆ ದನಿ ಸಾಲಲಿಲ್ಲ.

ಫೋನ್ ನನ್ನ ಜೇಬಿನಲ್ಲೇ ಇತ್ತು. ನೆನಪಾದದ್ದು ಮೆಟ್ಟಿಲು ಇಳಿಯುವಾಗ.

ಮಾರ್ಚ್ 19, ಬೆಳಿಗ್ಗೆ 9:10

ಒಳಗೆ ಕರೆದುಕೊಂಡು ಹೋದರು. ಬಾಗಿಲ ಮೇಲೆ ಕೆಂಪು ದೀಪ.

ಮಾನ್ಯ ಸಭಿಕರೇ — ಯಾರೂ ಇಲ್ಲ. ಯಾವತ್ತೂ ಇರಲಿಲ್ಲ.

ನಿನ್ನೆ "ಇವತ್ತು ಬೆಳಿಗ್ಗೆ" ಅಂದದ್ದು ಸುಳ್ಳು. 10ನೇ ತಾರೀಕೇ ಸದ್ಯಕ್ಕಮ್ಮ ಬಾಗಿಲು ಹಾಕಿಕೊಂಡು ಹೇಳಿದ್ದರು. ಏಪ್ರಿಲ್ ಕಳೆದರೂ ಅನುಮಾನ, ಹೊರಗೆ ಬಾಯಿ ಬಿಡಬೇಡಿ ಅಂತ. ಎಂಟು ದಿನ ಗೊತ್ತಿತ್ತು. ಬಚ್ಚಿಟ್ಟದ್ದು ಕೆಲಸ ಹೋಗುತ್ತದೆ ಎಂಬ ಭಯಕ್ಕಲ್ಲ. ಬರುವುದಿಲ್ಲ ಎಂದಿದ್ದರೆ ಅವಳು ಮಾತಾಡುತ್ತಿದ್ದಳು. ಎಂಟು ದಿನವೂ, ತುಂಬ. ಆಡಿದ್ದೆಲ್ಲ ಕೊನೆಯ ಮಾತಾಗುತ್ತದೆ, ಅದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದು, ನನಗೋಸ್ಕರ, ನಾನೇ ಅವಳ ಬಾಯಿ —